ಅಡಿಕೆ ಡ್ರೈಯರ್ ಮಾಡಿದ್ದಾಯಿತು, ಮಾರುವುದು ಹೇಗೆ?

ಗಾಜನೂರು ಗೇರ್ | ಆಗಸ್ಟ್ 2, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇತ್, ಒಂದು ಬೆಂಡಿಂಗ್ ಮಷಿನ್, ಮೂವರು ಹುಡುಗರು. ಗೇಟು, ಗ್ರಿಲ್ಲು, ಟ್ರೈಲರ್ ರಿಪೇರಿ, ಅಡಿಕೆ ಸುಲಿಯುವ ಮಷಿನ್‌ಗೆ ಬ್ಲೇಡು, ಹೀಗೆ ಹೊಟ್ಟೆಪಾಡು.

ಮೂರು ವರ್ಷದ ಹಿಂದೆ ಕೊಯ್ಲಿನ ಹೊತ್ತಿಗೆ ಮಳೆ ಬಿಡಲೇ ಇಲ್ಲ. ಅಣ್ಣನ ಮನೆಯಲ್ಲಿ ಬೇಯಿಸಿದ ಅಡಿಕೆ ತಟ್ಟಿ ಮೇಲೆ ಆರು ದಿನ ಹಾಗೇ ಕೂತಿತ್ತು. ಏಳನೇ ದಿನ ಬೂಸ್ಟು ಹಿಡಿಯಿತು. ಅತ್ತಿಗೆ ಒಲೆ ಮೇಲೆ ತಂತಿ ಕಟ್ಟಿ ಮೊರದಲ್ಲಿ ಒಣಗಿಸಲು ನೋಡಿದರು. ಅಡಿಕೆಗೆಲ್ಲ ಹೊಗೆ ವಾಸನೆ. ಆವತ್ತು ತಲೆಗೆ ಹುಳ ಬಿಟ್ಟುಕೊಂಡವನು ಎರಡು ವರ್ಷ ಕೂತು ಒಂದು ಡ್ರೈಯರ್ ಮಾಡಿದೆ. ಕೆಳಗೆ ಸೌದೆ ಒಲೆ. ಹೊಗೆ ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ, ಬಿಸಿ ಗಾಳಿ ಮಾತ್ರ ಬ್ಲೋವರ್‌ನಿಂದ ಹತ್ತು ಟ್ರೇಗೆ ಬರುತ್ತದೆ. ಒಂದು ಸಲಕ್ಕೆ ನಾಲ್ಕು ಕ್ವಿಂಟಾಲ್ ಬೇಯಿಸಿದ ಅಡಿಕೆ ಹಿಡಿಯುತ್ತದೆ. ಬಿಸಿಲು ಚೆನ್ನಾಗಿದ್ದರೆ ಅಂಗಳದಲ್ಲಿ ವಾರ ಬೇಕು, ಇದರಲ್ಲಿ ಎರಡೂವರೆ ದಿನ ಸಾಕು.

ಬೆಲೆ 1,85,000 ರೂಪಾಯಿ. ಇದುವರೆಗೆ ನಾಲ್ಕು ಹೋಗಿವೆ. ಎರಡು ನೆಂಟರಿಗೆ, ಒಂದು ಗೆಳೆಯನಿಗೆ. ನಾಲ್ಕನೆಯದು ವಾಪಸ್ ಬಂತು.

ಕೈಯಲ್ಲಿ ಇನ್ನು ಮೂರು ಲಕ್ಷ ಇದೆ. ಹೆಂಡತಿ ಪ್ರಕಾರ ಅದೂ ಇಲ್ಲ. ಕೃಷಿ ಮೇಳದಲ್ಲಿ ಮಳಿಗೆ ಹಾಕಲಾ? ದಾವಣಗೆರೆ, ಚಿತ್ರದುರ್ಗ, ಶಿರಸಿ ಎಲ್ಲ ಕಡೆ ಡೀಲರ್ ಹಿಡಿಯಲಾ? ಯೂಟ್ಯೂಬ್‌ನವರನ್ನು ಕರೆದು ವಿಡಿಯೋ ಮಾಡಿಸಲಾ? ತಿಳಿದವರು ಹೇಳಿ.

ತೋಟದ ದಾರಿ | ಆಗಸ್ಟ್ 2, ರಾತ್ರಿ 10:05

ವಾಪಸ್ ಬಂದದ್ದರ ಕಥೆ ಮೊದಲು ಹೇಳಿ ಮಾರಾಯ್ರೇ. ಮೇಳ ಆಮೇಲೆ.

ಗಾಜನೂರು ಗೇರ್ | ಆಗಸ್ಟ್ 2, ರಾತ್ರಿ 10:11

ಹೊಸನಗರದ ಆಚೆ ಒಬ್ಬರು ತಗೊಂಡಿದ್ದರು. ಬಣ್ಣ ಕಪ್ಪಾಯಿತು ಅಂದರು. ಅವರಿಗೆ ಬೆಂಕಿ ಹದ ಗೊತ್ತಾಗಲಿಲ್ಲ ಅಂತ ಕಾಣುತ್ತದೆ. ನಮ್ಮ ಅಣ್ಣನ ಮನೆಯಲ್ಲಿ ಒಂದು ದಿನವೂ ಹಾಗಾಗಿಲ್ಲ.

ತೋಟದ ದಾರಿ | ಆಗಸ್ಟ್ 2, ರಾತ್ರಿ 10:14

"ಅಂತ ಕಾಣುತ್ತದೆ" ಅಂದರೆ ನೀವು ಹೋಗಿ ನೋಡಿಲ್ಲ. ಅಲ್ವಾ?

ಡೀಲರ್ ಮಾವ | ಆಗಸ್ಟ್ 3, ಬೆಳಿಗ್ಗೆ 7:20

ಸಾಗರದಲ್ಲಿ ನನ್ನದು ಪಂಪ್‌ಸೆಟ್, ಸ್ಪ್ರೇಯರ್, ಕಳೆ ಕತ್ತರಿಸುವ ಮಷಿನ್ ಅಂಗಡಿ. ಹತ್ತೊಂಬತ್ತು ವರ್ಷ ಆಯಿತು. ನಿಮ್ಮಂಥವರು ವರ್ಷಕ್ಕೆ ಐದಾರು ಜನ ಬರುತ್ತಾರೆ, ಅದಕ್ಕೆ ನೇರವಾಗಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಡೀಲರ್ ಹಿಡಿದರೆ ಮಾಲು ಹೋಗುತ್ತದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ನನ್ನ ಅಂಗಡಿ ಮುಂದೆ ನಿಮ್ಮ ಡ್ರೈಯರ್ ನಿಂತರೆ ನಾನು ಮೊದಲು ನೋಡುವುದು ಅದು ಎಷ್ಟು ಜಾಗ ತಿನ್ನುತ್ತದೆ ಅಂತ. ಆಮೇಲೆ ನನಗೆ ಎಷ್ಟು ಉಳಿಯುತ್ತದೆ ಅಂತ. 1,85,000ದ ಮಾಲಿಗೆ ನಾನು ಮೂವತ್ತು ಸಾವಿರ ಕೇಳುತ್ತೇನೆ. ರೈತರು ಸಾಲ ಕೇಳುತ್ತಾರೆ, ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಅನ್ನುತ್ತಾರೆ. ಆ ಸಾಲ ಯಾರ ತಲೆ ಮೇಲೆ? ನಿಮ್ಮದಾ, ನನ್ನದಾ? ಇದನ್ನು ಬರೆದುಕೊಳ್ಳದೆ ಯಾರ ಜೊತೆಗೂ ಕೈ ಕುಲುಕಬೇಡಿ.

ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಹೊರರಾಜ್ಯದ ಒಂದು ಕಂಪನಿಯವರು ಕಳೆ ಮಷಿನ್ ತಂದರು. ಒಳ್ಳೆ ಮಾಲು. ಊಟ ಹಾಕಿಸಿದರು, ಟೀ ಶರ್ಟ್ ಕೊಟ್ಟರು, ಬೋರ್ಡ್ ಬರೆಸಿದರು. ಮೊದಲ ವರ್ಷ 40 ಮಷಿನ್ ಮಾರಿದೆ. ಎರಡನೇ ವರ್ಷ ಕಾರ್ಬುರೇಟರ್ ಕಿಟ್ ಬೇಕು ಅಂತ ಫೋನ್ ಮಾಡಿದರೆ ಆ ಏರಿಯಾ ಮ್ಯಾನೇಜರ್ ಕೆಲಸ ಬಿಟ್ಟಿದ್ದ. ಹೊಸಬ ಫೋನ್ ಎತ್ತುವುದಿಲ್ಲ. ಜೂನ್ ತಿಂಗಳು, ತೋಟದಲ್ಲಿ ಸೊಂಟದ ಮಟ್ಟ ಕಳೆ. ಅಂಗಡಿ ಮುಂದೆ ದಿನಾ ನಾಲ್ಕು ಜನ ಮಷಿನ್ ಹೊತ್ತುಕೊಂಡು ನಿಲ್ಲುತ್ತಿದ್ದರು. ಬಯ್ಯಿಸಿಕೊಂಡದ್ದು ಕಂಪನಿ ಅಲ್ಲ, ನಾನು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ. ಟೀ ಶರ್ಟ್ ಈಗ ಗಾಡಿ ಒರೆಸಲು ಇಟ್ಟಿದ್ದೇನೆ.

ನೀವು ಚಿತ್ರದುರ್ಗದಲ್ಲಿ ಡ್ರೈಯರ್ ಮಾರಿದರೆ ಕೊಯ್ಲಿನ ನಡುವೆ ಬ್ಲೋವರ್ ಸುಟ್ಟಾಗ ಹೋಗುವವರು ಯಾರು? ನಿಮ್ಮ ಮೂವರು ಹುಡುಗರಾ?

ಮಲ್ಲೇಶ್ವರದ ಮಲೆನಾಡಿಗ | ಆಗಸ್ಟ್ 3, ಬೆಳಿಗ್ಗೆ 11:32

ಊರು ಕೊಪ್ಪದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಹೊಸ ಪ್ರಾಡಕ್ಟ್ ಬಿಡುಗಡೆ ಮಾಡುವ ತಂಡದಲ್ಲಿದ್ದೇನೆ. ನಮ್ಮ ಮೀಟಿಂಗ್‌ಗಳಲ್ಲಿ ಬಣ್ಣಬಣ್ಣದ ಸ್ಲೈಡ್ ಜಾಸ್ತಿ, ವಿಷಯ ಕಮ್ಮಿ. ಆದರೂ ನಾವು ಬಳಸುವ ಮಾತುಗಳಲ್ಲಿ ಅರ್ಧ ರೈತರಿಂದಲೇ ಬಂದದ್ದು. ಅದನ್ನು ಇಲ್ಲಿ ಹೇಳಲೇಬೇಕು.

ಅಮೆರಿಕದ ಅಯೋವಾದಲ್ಲಿ 1928ರಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಬೀಜ ಮಾರಾಟಕ್ಕೆ ಬಂತು. ಇಳುವರಿ ಜಾಸ್ತಿ, ಬರಕ್ಕೆ ತಡೆಯುತ್ತದೆ. ಹೇಗೂ ಎಲ್ಲರೂ ಮುಗಿಬೀಳುತ್ತಾರೆ ಅನ್ನಿಸುತ್ತದೆ ಅಲ್ವಾ? ರಯಾನ್ ಮತ್ತು ಗ್ರಾಸ್ ಅನ್ನುವ ಇಬ್ಬರು ಎರಡು ಊರುಗಳ 259 ರೈತರನ್ನು ಮನೆಮನೆಗೆ ಹೋಗಿ ಕೇಳಿ 1943ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಆದರೆ ಬೀಜದ ಸುದ್ದಿ ಮೊದಲು ಕಿವಿಗೆ ಬಿದ್ದ ವರ್ಷದಿಂದ ಬಿತ್ತುವ ವರ್ಷದವರೆಗೆ ಸರಾಸರಿ ಸುಮಾರು 9 ವರ್ಷ ಹಿಡಿದಿತ್ತು. ಸುದ್ದಿ ತಂದವರು ಹೆಚ್ಚಾಗಿ ಕಂಪನಿ ಸೇಲ್ಸ್‌ಮನ್‌ಗಳು. ಒಪ್ಪಿಸಿದವರು ಮಾತ್ರ ಪಕ್ಕದ ಹೊಲದವರು. ಬಹಳ ಜನ ಮೊದಲ ವರ್ಷ ಹೊಲದ ಒಂದು ಮೂಲೆಗಷ್ಟೇ ಬಿತ್ತಿ ನೋಡಿದ್ದರು.

ಮೊದಲಿಗೆ ಕೊಳ್ಳುವವರು ನೂರಕ್ಕೆ ಎರಡೂವರೆ, ಅವರ ಹಿಂದೆ ಹದಿಮೂರೂವರೆ ಅಂತ ನಾವು ಹೇಳುವ ಲೆಕ್ಕವೆಲ್ಲ ಆಮೇಲೆ ಇಂಥ ಅಧ್ಯಯನಗಳ ಮೇಲೆಯೇ ಕಟ್ಟಿದ್ದು.

ನನ್ನ ಸಲಹೆ: ವಿಡಿಯೋಗೆ ದುಡ್ಡು ಹಾಕಬೇಡಿ. ಮತ್ತೆ "ಎಲ್ಲಕ್ಕಿಂತ ಅಗ್ಗ" ಅಂತ ಎಲ್ಲೂ ಬರೆಸಬೇಡಿ. ಟಾಟಾ ನ್ಯಾನೋ 2008ರಲ್ಲಿ ಒಂದು ಲಕ್ಷದ ಕಾರು ಅಂತ ಸುದ್ದಿಯಾಯಿತು. 2009ರಲ್ಲಿ ಮಾರುಕಟ್ಟೆಗೆ ಬಂತು, 2018ರಲ್ಲಿ ತಯಾರಿಕೆ ನಿಂತಿತು. ಅತಿ ಅಗ್ಗದ ಕಾರು ಅನ್ನುವ ಹಣೆಪಟ್ಟಿ ತಪ್ಪಾಯಿತು ಅಂತ ರತನ್ ಟಾಟಾ ಅವರೇ ಆಮೇಲೆ ಹೇಳಿದರು. ಸ್ಕೂಟರ್ ಬಿಟ್ಟು ಕಾರು ಕೊಳ್ಳುವವನಿಗೆ ಬೀದಿಯವರು ನೋಡಲಿ ಅನ್ನುವ ಆಸೆ ಇರುತ್ತದೆ. ಬಡವರ ಕಾರು ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ತೋಟದ ದಾರಿ | ಆಗಸ್ಟ್ 3, ಮಧ್ಯಾಹ್ನ 1:15

ಒಂಬತ್ತು ವರ್ಷ ಅಂದರೆ ಗೇರ್ ಅವರ ಹೆಂಡತಿ ಅಲ್ಲಿಯವರೆಗೆ ಬಿಡುವುದಿಲ್ಲ ಬಿಡಿ.

ಕತ್ತಿ ಅದ್ದಿ ನೋಡು | ಆಗಸ್ಟ್ 3, ರಾತ್ರಿ 8:50

ಅಯೋವಾ ತನಕ ಯಾಕೆ ಹೋಗಬೇಕು? ನಮ್ಮ ಅಡಿಕೆ ತೋಟದಲ್ಲೇ ಇದೆಯಲ್ಲ ಕಥೆ.

ನಾನು ತೀರ್ಥಹಳ್ಳಿ ತಾಲ್ಲೂಕಿನವನು, ವಯಸ್ಸು ಎಪ್ಪತ್ತಮೂರು. ಮೊಬೈಲಿನಲ್ಲಿ ಟೈಪ್ ಮಾಡಲು ಮೊಮ್ಮಗಳು ಕಲಿಸಿದ್ದಾಳೆ, ತಪ್ಪಿದ್ದರೆ ಅವಳನ್ನು ಬಯ್ಯಿರಿ.

ನಾವೆಲ್ಲ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ನಮ್ಮದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ಬೂಜು ರೋಗ ಬರಲಿಲ್ಲ. ಮಿಲಾರ್ಡೆ ಅನ್ನುವ ವಿಜ್ಞಾನಿ ಅದನ್ನು ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಜಗತ್ತಿಗೆ ತಿಳಿಸಿದ. ಕಳ್ಳರನ್ನು ಹೆದರಿಸುವ ಬಣ್ಣ ಔಷಧಿಯಾಯಿತು ನೋಡಿ.

ನಮ್ಮಲ್ಲಿ ಆಗ ಕೊಳೆರೋಗಕ್ಕೆ ಕೊಟ್ಟೆ ಕಟ್ಟುತ್ತಿದ್ದರು. ಮಳೆಗಾಲ ಶುರುವಾಗುವ ಮೊದಲು ಪ್ರತಿ ಕೊನೆಗೂ, ಅಂದರೆ ಅಡಿಕೆ ಗೊಂಚಲಿಗೂ, ಹುಲ್ಲಿನ ಟೋಪಿ. ಒಂದೊಂದು ಮರ ಹತ್ತಿ ಕಟ್ಟಬೇಕು. ಎಷ್ಟು ಕೆಲಸ ಅಂತ ಲೆಕ್ಕ ಹಾಕಿ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅವರು ಕೊಳೆರೋಗ ತರುವ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಬೋರ್ಡೋ ಹೊಡೆದರೆ ತಡೆಯಬಹುದು ಅಂತ ತೋರಿಸಿದರು.

ಇಲ್ಲಿ ನೋಡಬೇಕಾದ್ದು ಒಂದಿದೆ. ಫ್ರಾನ್ಸಿನ ದ್ರಾಕ್ಷಿ ತೋಟದ ಮಳೆ ಬೇರೆ, ನಮ್ಮ ಆಷಾಢದ ಮಳೆ ಬೇರೆ. ಹೊಡೆದ ಔಷಧಿ ನಿಲ್ಲಬೇಕಲ್ಲ? ಅದಕ್ಕೆ ರಾಳ ಮತ್ತು ಸೋಡಾ ಕಾಯಿಸಿ ಬೆರೆಸಿದರು, ಅಂಟಿಕೊಳ್ಳಲಿ ಅಂತ. ಹೊಸ ವಸ್ತು ತಂದವರು ಅದನ್ನು ಇಲ್ಲಿನ ಮಳೆಗೆ ತಿದ್ದಿದರು. ತಿದ್ದದೆ ಮಾರಿದ್ದರೆ ನಮ್ಮ ಅಜ್ಜ ಮೊದಲ ವರ್ಷವೇ ಪಿಚಕಾರಿ ಎಸೆಯುತ್ತಿದ್ದ.

ಮತ್ತೊಂದು ವಿಷಯ. ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇಷ್ಟನ್ನು ಓದುಬರಹ ಇಲ್ಲದವರೂ ನೆನಪಿಡಬಹುದು. ಹದ ನೋಡಲು ಯಂತ್ರ ಬೇಡ. ಹೊಳೆಯುವ ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ತೆಗೆಯುವುದು. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ನನ್ನ ಅಪ್ಪ ಹಾಗೆ ನೋಡುತ್ತಿದ್ದರು, ನಾನೂ ಹಾಗೇ ನೋಡುತ್ತೇನೆ, ನನ್ನ ಹೆಸರೂ ಅದೇ.

ಗೇರ್ ಅವರೇ, ನಿಮ್ಮ ಡ್ರೈಯರ್‌ಗೆ "ಕತ್ತಿ ಅದ್ದಿ ನೋಡುವ" ಉಪಾಯ ಏನಿದೆ? ಬೆಂಕಿ ಜಾಸ್ತಿ ಆಯಿತು ಅಂತ ನನ್ನಂಥವನಿಗೆ ಹೇಗೆ ಗೊತ್ತಾಗಬೇಕು?

ಗಾಜನೂರು ಗೇರ್ | ಆಗಸ್ಟ್ 3, ರಾತ್ರಿ 9:30

ಥರ್ಮಾಮೀಟರ್ ಇದೆ ಅಜ್ಜಾ. 60 ಡಿಗ್ರಿ ದಾಟಬಾರದು ಅಂತ ಬುಕ್‌ಲೆಟ್‌ನಲ್ಲಿ ಬರೆದಿದ್ದೇನೆ. ಇಂಗ್ಲಿಷಿನಲ್ಲಿ. ಈಗ ಬರೆಯುವಾಗಲೇ ನಾಚಿಕೆ ಆಗುತ್ತಿದೆ.

ಮೇಷ್ಟ್ರು ವಿನೋಬನಗರ | ಆಗಸ್ಟ್ 4, ಸಂಜೆ 6:10

ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಂದು ಕಾನೂನಿನ ಮಾತು. ನಿಮ್ಮ ಡ್ರೈಯರ್‌ನಲ್ಲಿ ನಿಜವಾಗಿ ಹೊಸದು ಏನಾದರೂ ಇದ್ದರೆ ಮೇಳದಲ್ಲಿ ತೋರಿಸುವ ಮೊದಲು ಪೇಟೆಂಟಿಗೆ ತಾತ್ಕಾಲಿಕ ಅರ್ಜಿ ಹಾಕಿ. ಎಲ್ಲರೆದುರು ತೋರಿಸಿಬಿಟ್ಟರೆ ಅದು ಹೊಸದಾಗಿ ಉಳಿಯುವುದಿಲ್ಲ, ಆಮೇಲೆ ಪೇಟೆಂಟ್ ಕೇಳುವುದು ಕಷ್ಟ. ತಾತ್ಕಾಲಿಕ ಅರ್ಜಿ ಹಾಕಿದ ದಿನದಿಂದ ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಸಿಗುತ್ತದೆ. ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ. ಆದರೆ ನೀವು ಆಗಲೇ ನಾಲ್ಕು ಮಾರಿದ್ದೀರಿ. ಹಾಗಾಗಿ ಮಾರಿದ ಮೇಲೆ ಮಾಡಿದ ಹೊಸ ಬದಲಾವಣೆಗೆ ಮಾತ್ರ ಯೋಚಿಸಬಹುದು.

ಡೀಲರ್ ಮಾವ | ಆಗಸ್ಟ್ 4, ಸಂಜೆ 7:00

ಮೇಷ್ಟ್ರು ಹೇಳಿದ್ದು ಸರಿ. ಆದರೂ ಒಂದು ಮಾತು. ನಮ್ಮಲ್ಲಿ ಸುಲಿಯುವ ಮಷಿನ್ ಬಂದಾಗ ಏನಾಯಿತು ನೆನಪಿದೆಯಲ್ಲ? ಒಬ್ಬರು ಮಾಡಿದರು, ವರ್ಷದೊಳಗೆ ಹತ್ತು ಜನ ಮಾಡಿದರು. ಲೇತ್ ಇದ್ದವರೆಲ್ಲ ಮಾಡಿದರು. ಕೋರ್ಟಿಗೆ ಅಲೆಯಲು ಗೇರ್ ಅವರ ಹತ್ತಿರ ದುಡ್ಡೂ ಇಲ್ಲ, ಪುರುಸೊತ್ತೂ ಇಲ್ಲ. ಕದ್ದು ಮಾಡುವವನು ಪೆಟ್ಟಿಗೆ ಕದಿಯಬಹುದು. ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವುದನ್ನು ಕದಿಯಲು ಆಗುತ್ತದಾ?

ಮೇಷ್ಟ್ರು ವಿನೋಬನಗರ | ಆಗಸ್ಟ್ 4, ಸಂಜೆ 7:12

ಹೆಸರಿಗಾದರೂ ಟ್ರೇಡ್‌ಮಾರ್ಕ್ ಮಾಡಿಸಿ. ಅದು 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು. ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಮಿಡಿ ಜಾಡಿ | ಆಗಸ್ಟ್ 5, ಮಧ್ಯಾಹ್ನ 2:40

ರಿಪ್ಪನ್‌ಪೇಟೆ ಕಡೆಯಿಂದ. ನಾವು ಆರು ಜನ ಹೆಂಗಸರು ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಯಂತ್ರದ ವಿಷಯ ನನಗೆ ತಿಳಿಯದು. ಮಾರುವ ವಿಷಯದಲ್ಲಿ ಮಾತ್ರ ಕೈ ಸುಟ್ಟುಕೊಂಡಿದ್ದೇನೆ.

ಮೊದಲ ವರ್ಷ ಕೆಜಿ ಡಬ್ಬ ಮಾತ್ರ ಮಾಡಿದೆವು. ಬೆಂಗಳೂರಿನ ಒಂದು ದೊಡ್ಡ ಅಂಗಡಿಯವರು 300 ಡಬ್ಬ ತಗೊಂಡು ಮೂರು ತಿಂಗಳು ಕಪಾಟಿನ ತಳದಲ್ಲಿ ಇಟ್ಟು, ಅರ್ಧ ವಾಪಸ್ ಕಳಿಸಿದರು. ಅಪ್ಪೆಮಿಡಿ ರುಚಿ ಗೊತ್ತಿಲ್ಲದವರು ಕೆಜಿ ಯಾಕೆ ಕೊಳ್ಳುತ್ತಾರೆ? ನಮಗೆ ಹೊಳೆದೇ ಇರಲಿಲ್ಲ. ಆಮೇಲೆ 100 ಗ್ರಾಮಿನ ಪುಟ್ಟ ಬಾಟಲಿ ಮಾಡಿ ಊರಿನ ಎರಡು ಹೋಟೆಲಿನಲ್ಲಿ ಊಟದ ಎಲೆಗೆ ಒಂದೊಂದು ಮಿಡಿ ಬಡಿಸಲು ಕೊಟ್ಟೆವು. ಊಟ ಮಾಡಿದವರು ಗಲ್ಲಾದಲ್ಲಿ "ಇದು ಎಲ್ಲಿ ಸಿಗುತ್ತದೆ" ಅಂತ ಕೇಳುತ್ತಿದ್ದರು. ಬಾಟಲಿ ಅಲ್ಲೇ ಇರುತ್ತಿತ್ತು. ಜೋಗಕ್ಕೆ ಹೋಗುವವರೇ ಈಗ ನಮ್ಮ ಅರ್ಧ ಗಿರಾಕಿಗಳು.

ಶಾಂಪೂ ಸಣ್ಣ ಪೊಟ್ಟಣದಲ್ಲಿ ಬಂದ ಮೇಲಲ್ಲವೇ ಹಳ್ಳಿ ಮನೆಗೆ ಬಂದದ್ದು? ಬಾಟಲಿ ಕೊಳ್ಳುವ ಧೈರ್ಯ ಇಲ್ಲದವರು ಒಂದು ರೂಪಾಯಿ ಕೊಟ್ಟು ತಲೆ ತೊಳೆದು ನೋಡಿದರು. ನಿಮ್ಮ ಡ್ರೈಯರ್‌ನ ಒಂದು ರೂಪಾಯಿ ಪೊಟ್ಟಣ ಯಾವುದು ಅಂತ ಯೋಚಿಸಿ. ಒಂದು ಹಂಡೆ ಅಡಿಕೆ ಒಣಗಿಸಿ ನೋಡಲು ರೈತರಿಗೆ ದಾರಿ ಇದೆಯಾ?

ಹಾಳೆ ತಟ್ಟೆ | ಆಗಸ್ಟ್ 5, ಸಂಜೆ 4:25

ಎಲ್ಲಿ ಮಾರುತ್ತೀರೋ ಅಲ್ಲಿನ ನಿಯಮ ಮೊದಲು ಓದಿ. ನಮ್ಮದು ಅಡಿಕೆ ಹಾಳೆ ತಟ್ಟೆಯ ಘಟಕ. ಪ್ಲಾಸ್ಟಿಕ್ ಅಲ್ಲ, ಕೆಮಿಕಲ್ ಇಲ್ಲ, ಮಣ್ಣಿಗೆ ಬಿದ್ದರೆ ಗೊಬ್ಬರ, ಹೊರದೇಶದವರಿಗೆ ಬಹಳ ಇಷ್ಟ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಯನ್ನು ಊಟಕ್ಕೆ ಬಳಸಬಾರದು ಅಂದಿತು. ಅಡಿಕೆಯ ಅಂಶ ಆಹಾರಕ್ಕೆ ಸೇರಬಹುದು ಅನ್ನುವುದು ಅವರ ಕಾರಣ. ನಮ್ಮದು ನೇರ ರಫ್ತು ಅಲ್ಲ, ಮಧ್ಯವರ್ತಿಗೆ ಕೊಡುತ್ತಿದ್ದೆವು. ಅವರ ಫೋನೇ ನಿಂತಿತು. ಈಗ ಮದುವೆ ಕ್ಯಾಟರಿಂಗ್‌ನವರನ್ನೇ ನಂಬಿದ್ದೇವೆ. ಮೊದಲೇ ನಂಬಬೇಕಿತ್ತು.

ಶ್ರೀಗಂಧ ಕಾಲೋನಿ | ಆಗಸ್ಟ್ 5, ರಾತ್ರಿ 9:05

ಮಾರುಕಟ್ಟೆ ಮುಚ್ಚಿದಾಗಲೇ ಹೊಸ ಮಾಲು ಹುಟ್ಟುವುದೂ ಉಂಟು. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಿತು. ರಾಶಿ ಬಿದ್ದ ಮರದಿಂದ ಇಲ್ಲೇ ಎಣ್ಣೆ ತೆಗೆಯೋಣ ಅಂತ ನಾಲ್ವಡಿ ಅವರ ಕಾಲದಲ್ಲಿ 1916ರಲ್ಲಿ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೆ ಮೈಸೂರು ಸ್ಯಾಂಡಲ್ ಸೋಪು. ಸೋಪಿನ ಕೆಲಸ ಕಲಿಯಲು ಎಸ್.ಜಿ. ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೇ ಕಳಿಸಿದರು. ಪೆಟ್ಟಿಗೆಯನ್ನು ಒಡವೆ ಪೆಟ್ಟಿಗೆ ಥರ ಮಾಡಿಸಿದರು. ಪ್ರಚಾರಕ್ಕೆ ಕರಾಚಿಯಲ್ಲಿ ಒಂಟೆ ಮೆರವಣಿಗೆ ಮಾಡಿಸಿದ್ದರು ಅಂತಲೂ ಹೇಳುತ್ತಾರೆ. 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಬಂತು.

ಗಾಜನೂರು ಗೇರ್ | ಆಗಸ್ಟ್ 5, ರಾತ್ರಿ 9:20

ಒಂಟೆ ಎಲ್ಲಿಂದ ತರಲಿ ಸಾರ್. ಸಕ್ರೆಬೈಲಿನ ಆನೆ ಕೇಳಿದರೆ ಕೊಡುತ್ತಾರಾ?

ಕೊನೆಗೌಡನ ಮಗ | ಆಗಸ್ಟ್ 6, ಬೆಳಿಗ್ಗೆ 6:30

ಎಲ್ಲರೂ ಡ್ರೈಯರ್ ಕೊಳ್ಳುವವನು ತೋಟದ ಯಜಮಾನ ಅಂತಲೇ ಮಾತಾಡುತ್ತಿದ್ದೀರಿ. ಯಾಕೆ?

ನನ್ನ ಅಪ್ಪ ಕೊನೆ ತೆಗೆಯುತ್ತಿದ್ದರು. ದಿನಕ್ಕೆ ಎಷ್ಟೋ ಮರ ಹತ್ತಿ, ಮರದಿಂದ ಮರಕ್ಕೆ ಹಾರಿ. ನನಗೆ ಹತ್ತಲು ಬರುವುದಿಲ್ಲ, ಅಪ್ಪ ಕಲಿಸಲೂ ಇಲ್ಲ. ಜನ ಸಿಗದ ಮೇಲೆ ಒಂದೊಂದೇ ಸಾಮಾನು ಬಂದವು. 2019ರಲ್ಲಿ ಬಂಟ್ವಾಳ ಕಡೆಯ ರೈತರೊಬ್ಬರು ಮಾಡಿದ ಮರ ಹತ್ತುವ ಬೈಕಿನ ವಿಡಿಯೋವನ್ನು ದೇಶವೇ ನೋಡಿತು. ಆನಂದ್ ಮಹೀಂದ್ರ ಕೂಡ ಹಂಚಿಕೊಂಡರು. ಒಳ್ಳೆ ಯಂತ್ರ, ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ನಮ್ಮ ಊರಿನಲ್ಲಿ ಅದನ್ನು ನೋಡಿದವರು ನೂರು, ಕೊಂಡವರು ಇಬ್ಬರು. ಪಾಚಿ ಕಟ್ಟಿದ ಮರದ ಮೇಲೆ ಮಳೆಯಲ್ಲಿ ಹತ್ತಲು ಯಜಮಾನರಿಗೆ ಧೈರ್ಯ ಬರಬೇಕಲ್ಲ. ಡ್ರೋನ್ ತರಿಸಿಯೂ ನೋಡಿದರು. ಸೋಗೆ ಮೇಲೆಲ್ಲ ಔಷಧಿ ಬಿತ್ತು, ಕೆಳಗಿರುವ ಕೊನೆಗೆ ಸರಿಯಾಗಿ ಮುಟ್ಟಲಿಲ್ಲ.

ಗೆದ್ದದ್ದು ಯಾವುದು? ಕಾರ್ಬನ್ ಫೈಬರ್ ದೋಟಿ. ಯಂತ್ರವೇ ಅಲ್ಲ, ಒಂದು ಕೋಲು. ನೆಲದ ಮೇಲೆ ನಿಂತು ಔಷಧಿ ಹೊಡೆಯಬಹುದು, ಕೊನೆ ಕೊಯ್ಯಬಹುದು. ಬೆಲೆ ಕಮ್ಮಿ ಇರಲಿಲ್ಲ. ಎರಡು ಎಕರೆ ತೋಟದವನು ಅಷ್ಟು ದುಡ್ಡು ಕೊಟ್ಟು ಕೋಲು ಕೊಳ್ಳುತ್ತಾನಾ? ಇಲ್ಲ. ಕೊಂಡವರು ನಾವು. ನಾಲ್ಕೈದು ಹುಡುಗರು ಸೇರಿ ಎರಡು ದೋಟಿ ತಗೊಂಡು ತೋಟದಿಂದ ತೋಟಕ್ಕೆ ಹೋಗುತ್ತೇವೆ. ಒಂದೇ ಕೊಯ್ಲಿನಲ್ಲಿ ಅಸಲು ಬಂತು. ಸುಲಿಯುವ ಮಷಿನ್ ಕೂಡ ನಮ್ಮ ಕಡೆ ಹಾಗೇ ಹಬ್ಬಿತು. ಪಿಕಪ್‌ನಲ್ಲಿ ಹೇರಿಕೊಂಡು ಮನೆ ಮುಂದೆ ಬಂದು ಸುಲಿದು ಕೊಟ್ಟು ಹೋಗುವವರಿಂದ.

ಗೇರ್ ಅಣ್ಣ, ನಿಮ್ಮ ಡ್ರೈಯರ್ ವರ್ಷಕ್ಕೆ ಎಷ್ಟು ದಿನ ಉರಿಯುತ್ತದೆ? ಒಬ್ಬ ಸಣ್ಣ ರೈತನ ಮನೆಯಲ್ಲಿ ಹೆಚ್ಚೆಂದರೆ ಹದಿನೈದು ದಿನ. ಉಳಿದ ಮುನ್ನೂರೈವತ್ತು ದಿನ ಕೋಳಿ ಮೊಟ್ಟೆ ಇಡುತ್ತದೆ ಅದರಲ್ಲಿ. ಹಸಿ ಅಡಿಕೆ ಕೊಳ್ಳುವ ಚೇಣಿಯವರು ಕೊಯ್ಲು ಶುರುವಾದರೆ ಮುಗಿಯುವವರೆಗೆ ಬೇಯಿಸುತ್ತಲೇ ಇರುತ್ತಾರೆ. ಅವರನ್ನು ಕೇಳಿದ್ದೀರಾ?

ಮಲ್ಲೇಶ್ವರದ ಮಲೆನಾಡಿಗ | ಆಗಸ್ಟ್ 6, ಬೆಳಿಗ್ಗೆ 10:02

ಇದನ್ನು ಕಂಡುಹಿಡಿಯಲು ನಮ್ಮ ಕಂಪನಿ ಸಲಹೆಗಾರರಿಗೆ ಲಕ್ಷಗಟ್ಟಲೆ ಕೊಡುತ್ತದೆ. ನಾನು ಈ ಪೋಸ್ಟನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳುತ್ತೇನೆ.

ಗಾಜನೂರು ಗೇರ್ | ಆಗಸ್ಟ್ 6, ರಾತ್ರಿ 11:48

ಎರಡು ದಿನದಿಂದ ನಿದ್ದೆ ಇಲ್ಲ. ಲೆಕ್ಕ ಹಾಕಿದೆ. ಹದಿನೈದು ದಿನ ಅಂದದ್ದು ಸರಿ ಇದೆ. ಭಾನುವಾರ ಆ ವಾಪಸ್ ಕೊಟ್ಟವರ ಮನೆಗೆ ಹೋಗಿ ಬರುತ್ತೇನೆ. ನಗರ ಹೋಬಳಿ. ಹೊರಗಿನವರಿಗೆ ಹೇಳುತ್ತೇನೆ, ಇದು ಬಿದನೂರು ನಗರ, ಸಿಟಿ ಅಲ್ಲ.

ಗಾಜನೂರು ಗೇರ್ | ಆಗಸ್ಟ್ 11, ರಾತ್ರಿ 10:30

ಹೋಗಿ ಬಂದೆ. ಉದ್ದ ಆಗುತ್ತದೆ, ಕ್ಷಮಿಸಿ.

ಮಳೆ ಅಂದರೆ ಮಳೆ. ಕೊನೆಯ ಎರಡು ಕಿಲೋಮೀಟರ್ ಬೈಕ್ ತಳ್ಳಿಕೊಂಡು ಹೋದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಿಸಿ ಕಷಾಯ ಕೊಟ್ಟರು, ಒಣ ಪಂಚೆ ಕೊಟ್ಟರು. ಆಮೇಲೆ ಯಜಮಾನರು ಒಳಗಿನಿಂದ ಒಂದು ಡಬ್ಬ ತಂದು ನೆಲದ ಮೇಲೆ ಅಡಿಕೆ ಸುರಿದರು. ಎರಡು ರಾಶಿ ಮಾಡಿದರು. ಒಂದು ಚೆನ್ನಾಗಿ ಕೆಂಪಗಿತ್ತು. ಇನ್ನೊಂದು ಕಪ್ಪು, ಸುಟ್ಟ ಹುಣಸೆ ಬೀಜದ ಹಾಗೆ. "ಎರಡೂ ನಿಮ್ಮ ಮಷಿನ್‌ದೇ. ಇದು ಮೇಲಿನ ಟ್ರೇ, ಇದು ಕೆಳಗಿನ ಎರಡು ಟ್ರೇ" ಅಂದರು. ಮಂಡಿಯ ಚೀಟಿಯನ್ನೂ ತೋರಿಸಿದರು. ಕಪ್ಪು ಬೆರೆತದ್ದಕ್ಕೆ ಇಡೀ ಲಾಟಿಗೇ ರೇಟು ಇಳಿಸಿದ್ದರು.

ನಾನು ಇನ್ನೂ ಬೆಂಕಿ ಹದದ ಬಗ್ಗೆ ವಾದ ಮಾಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸಂಜೆ ಏಳೂವರೆ ಆಯಿತು. ಮನೆಯ ಬಲ್ಬು ಮಂಕಾಯಿತು. ಚೀಲದಲ್ಲಿ ಮೀಟರ್ ಇತ್ತು, ಪ್ಲಗ್ಗಿಗೆ ಇಟ್ಟು ನೋಡಿದೆ. 162 ವೋಲ್ಟ್. ಒಂಬತ್ತು ಗಂಟೆಗೆ 155. ಆಮೇಲೆ ಕರೆಂಟೇ ಹೋಯಿತು.

ಆಗ ಅರ್ಥವಾಯಿತು. ವೋಲ್ಟೇಜ್ ಬಿದ್ದರೆ ಬ್ಲೋವರ್ ನಿಧಾನ ಆಗುತ್ತದೆ, ಕರೆಂಟ್ ಹೋದರೆ ನಿಲ್ಲುತ್ತದೆ. ಸೌದೆ ಬೆಂಕಿಗೆ ಸ್ವಿಚ್ ಇಲ್ಲವಲ್ಲ, ಅದು ಉರಿಯುತ್ತಲೇ ಇರುತ್ತದೆ. ಗಾಳಿ ಮೇಲೆ ಹೋಗದೆ ಶಾಖವೆಲ್ಲ ಕೆಳಗಿನ ಎರಡು ಟ್ರೇಗೆ ಹೊಡೆಯುತ್ತದೆ. ನಮ್ಮ ಅಣ್ಣನ ಮನೆ ಇರುವುದು ಶಿವಮೊಗ್ಗದ ಪಕ್ಕ. ಅಲ್ಲಿ ಈ ತೊಂದರೆ ಗೊತ್ತೇ ಆಗಲಿಲ್ಲ. ಎರಡು ವರ್ಷ ನಾನು ಮಾಡಿದ ಪರೀಕ್ಷೆಯೆಲ್ಲ ಅಣ್ಣನ ಅಂಗಳದಲ್ಲೇ.

ಬರುವಾಗ ಯಜಮಾನರ ಹೆಂಡತಿ ಒಂದು ಮಾತು ಹೇಳಿದರು. ಟ್ರೇ ಎಳೆಯುವ ಹಿಡಿಕೆ ಕಬ್ಬಿಣದ್ದು, ಕೈ ಸುಡುತ್ತದೆ, ಅದಕ್ಕೆ ಅವರು ರಾತ್ರಿ ಟ್ರೇ ಅದಲುಬದಲು ಮಾಡುತ್ತಿರಲಿಲ್ಲವಂತೆ. ಅದಲುಬದಲು ಮಾಡಬೇಕಾದವರು ಅವರು. ಮಾರುವಾಗ ನಾನು ಮಾತಾಡಿದ್ದು ಯಜಮಾನರ ಜೊತೆ ಮಾತ್ರ.

ಮಿಡಿ ಜಾಡಿ | ಆಗಸ್ಟ್ 12, ಬೆಳಿಗ್ಗೆ 8:15

ಕೊನೆಯ ಸಾಲು ಓದಿ ನಮ್ಮ ಆರೂ ಜನ ನಕ್ಕೆವು.

ಕತ್ತಿ ಅದ್ದಿ ನೋಡು | ಆಗಸ್ಟ್ 12, ಸಂಜೆ 5:00

ರಾಳ ಬೆರೆಸುವ ಕೆಲಸ ಈಗ ಶುರುವಾಯಿತು.

ಡೀಲರ್ ಮಾವ | ಆಗಸ್ಟ್ 12, ರಾತ್ರಿ 8:40

ಬ್ಲೋವರ್‌ಗೆ ಬ್ಯಾಟರಿ ಹಾಕುತ್ತೀರಾ? ನನ್ನ ಅಂಗಡಿಯಲ್ಲಿ ಸೋಲಾರ್ ಬೇಲಿಯ ಹಳೆ ಬ್ಯಾಟರಿ ನಾಲ್ಕಿವೆ. ಪರೀಕ್ಷೆಗೆ ತಗೊಂಡು ಹೋಗಿ, ದುಡ್ಡು ಬೇಡ. ಮಾರಾಟಕ್ಕೆ ಮಾತ್ರ ಹೊಸದು ಹಾಕಿ.

ಗಾಜನೂರು ಗೇರ್ | ಸೆಪ್ಟೆಂಬರ್ 20, ರಾತ್ರಿ 9:15

ಈಗಿನ ಸ್ಥಿತಿ ಹೇಳುತ್ತೇನೆ. ಚಿಮಣಿಯನ್ನು ನಾಲ್ಕು ಅಡಿ ಎತ್ತರಿಸಿದೆ. ಕರೆಂಟ್ ಹೋದರೂ ಬಿಸಿ ಗಾಳಿ ತಾನಾಗಿಯೇ ಸ್ವಲ್ಪ ಎಳೆಯುತ್ತದೆ. ಬ್ಲೋವರ್ 12 ವೋಲ್ಟ್ ಬ್ಯಾಟರಿದು. ಹಿಡಿಕೆಗೆ ಮರ ಹಾಕಿದೆ. ಥರ್ಮಾಮೀಟರ್ ಮುಖಕ್ಕೆ ಬಣ್ಣ ಬಳಿದೆ. ಹಸಿರು ಇದ್ದರೆ ಸರಿ, ಕೆಂಪಿಗೆ ಬಂದರೆ ಒಲೆ ಬಾಗಿಲು ಮುಚ್ಚಿ. ಬುಕ್‌ಲೆಟ್ ಹರಿದು ಹಾಕಿ ಒಂದು ಪುಟ ಕನ್ನಡದಲ್ಲಿ ಬರೆದು ತಗಡಿಗೆ ಅಂಟಿಸಿದೆ. ಖರ್ಚು ಹದಿನಾಲ್ಕು ಸಾವಿರ ಜಾಸ್ತಿಯಾಯಿತು.

ಮೇಳಕ್ಕೆ ಹೋಗುವುದಿಲ್ಲ. ಡೀಲರ್ ಸದ್ಯಕ್ಕೆ ಬೇಡ. ಮೂರು ಡ್ರೈಯರ್ ಮಾಡಿ ಮೂರನ್ನೂ ನಗರ ಹೋಬಳಿಯ ಒಂದೇ ಸುತ್ತಿನಲ್ಲಿ ಇಡುತ್ತೇನೆ. ಒಂದು ಆ ಯಜಮಾನರ ಮನೆಯಲ್ಲಿ, ಬಾಡಿಗೆ ಇಲ್ಲದೆ. ಅವರಿಗೆ ನಾನು ಕೊಡಬೇಕಾದ್ದು ಇದೆ. ಎರಡು ಚೇಣಿಯವರಿಗೆ, ಕ್ವಿಂಟಾಲ್ ಲೆಕ್ಕದಲ್ಲಿ ಬಾಡಿಗೆಗೆ. ಕೊಯ್ಲು ಮುಗಿಯುವ ತನಕ ಒಬ್ಬ ಹುಡುಗ ಅಲ್ಲೇ ಉಳಿಯುತ್ತಾನೆ, ಬೇರಿಂಗ್, ಬೆಲ್ಟು, ಒಂದು ಹೆಚ್ಚುವರಿ ಬ್ಲೋವರ್ ಇಟ್ಟುಕೊಂಡು. ಅಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಒಂದು ಹಲಸಿನ ಮರದ ಹತ್ತಿರ ಮಾತ್ರ. ದಿನಾ ಸಂಜೆ ಆರಕ್ಕೆ ಅವನು ಅಲ್ಲಿ ನಿಂತು ಫೋನ್ ಮಾಡಬೇಕು ಅಂತ ಮಾತಾಗಿದೆ.

ಮಲ್ಲೇಶ್ವರದ ಮಲೆನಾಡಿಗ | ಸೆಪ್ಟೆಂಬರ್ 21, ಬೆಳಿಗ್ಗೆ 9:50

ಒಂದೇ ಪ್ರಶ್ನೆ. ಬಾಡಿಗೆಯವರು "ಇದನ್ನೇ ಕೊಡಿ, ಕೊಳ್ಳುತ್ತೇವೆ" ಅಂದರೆ ರೇಟು ಎಷ್ಟು ಹೇಳುತ್ತೀರಿ? ಈಗಲೇ ಯೋಚಿಸಿಟ್ಟುಕೊಳ್ಳಿ. ಪುಕ್ಕಟೆ ಕೊಟ್ಟದ್ದಕ್ಕೆ ಆಮೇಲೆ ದುಡ್ಡು ಕೇಳುವುದು ಕಷ್ಟ. ಜಿಯೋ 2016ರ ಸೆಪ್ಟೆಂಬರ್‌ನಿಂದ 2017ರ ಮಾರ್ಚ್ ತನಕ ಪುಕ್ಕಟೆ ಕೊಟ್ಟಿತು. ಅವರ ಹಿಂದೆ ದೊಡ್ಡ ಕಂಪನಿಯ ದುಡ್ಡಿತ್ತು. ನಿಮ್ಮ ಹಿಂದೆ ನಿಮ್ಮ ಹೆಂಡತಿ ಇದ್ದಾರೆ.

ಗಾಜನೂರು ಗೇರ್ | ಸೆಪ್ಟೆಂಬರ್ 21, ರಾತ್ರಿ 8:00

ಎರಡು ಲಕ್ಷ. ಬರೆದು ಗೋಡೆಗೆ ಅಂಟಿಸಿದ್ದೇನೆ. ಹೆಂಡತಿ ಅದರ ಕೆಳಗೆ ಸಹಿ ಹಾಕಿದ್ದಾಳೆ.

ತೋಟದ ದಾರಿ | ಡಿಸೆಂಬರ್ 9, ರಾತ್ರಿ 9:33

ಗೇರ್ ಅವರೇ, ಏನಾಯಿತು? ನಮ್ಮ ಊರಿನಲ್ಲಿ ನಿಮ್ಮ ಡ್ರೈಯರ್ ಸುದ್ದಿ ಬಂದಿದೆ. ಹೇಳಿದವರು ನಿಮ್ಮನ್ನು ನೋಡಿದವರಲ್ಲ, ಚೇಣಿಯವರ ಲಾರಿ ಡ್ರೈವರ್.

ಗಾಜನೂರು ಗೇರ್ | ಡಿಸೆಂಬರ್ 10, ರಾತ್ರಿ 11:10

ತಡವಾಯಿತು, ಕ್ಷಮಿಸಿ. ನವೆಂಬರ್‌ನಲ್ಲಿ ಒಂದು ಬ್ಲೋವರ್ ಹೋಯಿತು. ಹುಡುಗ ಅಲ್ಲೇ ಇದ್ದ, ಒಂದೂವರೆ ಗಂಟೆಯಲ್ಲಿ ಬದಲಾಯಿಸಿದ. ಮೊದಲ ಲಾಟಿನಲ್ಲಿ ಕೆಳಗಿನ ಟ್ರೇ ಸ್ವಲ್ಪ ಕಪ್ಪಾಯಿತು. ಒಲೆ ಬಾಗಿಲನ್ನು ಇನ್ನೊಂದಿಂಚು ಚಿಕ್ಕದು ಮಾಡಿದೆ. ಆಮೇಲೆ ದೂರು ಬಂದಿಲ್ಲ. ಒಬ್ಬ ಚೇಣಿಯವರು ಒಂದನ್ನು ಕೊಂಡರು, ಎರಡು ಲಕ್ಷಕ್ಕೆ. ಚೌಕಾಸಿ ಮಾಡಿದರು, ಗೋಡೆಯ ಚೀಟಿಯ ಫೋಟೋ ತೋರಿಸಿದೆ. ಪಕ್ಕದ ಊರಿನ ಇಬ್ಬರು ಬಂದು ರಾತ್ರಿ ಕೂತು ನೋಡಿಕೊಂಡು ಹೋಗಿದ್ದಾರೆ. ಮುಂದಿನ ವರ್ಷಕ್ಕೆ ಅಂದಿದ್ದಾರೆ, ಮುಂಗಡ ಕೊಟ್ಟಿಲ್ಲ.

ತೋಟದ ದಾರಿ | ಡಿಸೆಂಬರ್ 10, ರಾತ್ರಿ 11:14

ಮೂರನೆಯದು ಈಗ ಖಾಲಿ ಇದೆಯಾ? ನಮ್ಮಲ್ಲಿ ಬುಧವಾರ ಕೊನೆ ತೆಗೆಯುತ್ತಾರೆ. ಮೂರು ಹಂಡೆ ಆಗಬಹುದು.

ಗಾಜನೂರು ಗೇರ್ | ಡಿಸೆಂಬರ್ 10, ರಾತ್ರಿ 11:16

ನಾಳೆ ಸಂಜೆ ಆರಕ್ಕೆ ಹುಡುಗ ಹಲಸಿನ ಮರಕ್ಕೆ ಬರುತ್ತಾನೆ. ಕೇಳಿ ಹೇಳುತ್ತೇನೆ.